ಯೆಜ್ಡಿಗೆ ಹೊರಗಿನ ಬೆಂಡ್ ಪೈಪ್ ಹಾಕಿ ಲೀಕು ನಿಲ್ಲಿಸಿದ್ದು

ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಹಳೇ ಯೆಜ್ಡಿಗೆ ಒರಿಜಿನಲ್ ಬೆಂಡ್ ಪೈಪ್ (ಸಿಲಿಂಡರಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಪೈಪ್) ಹುಡುಕಿದರೆ ಸಿಗುವುದು ಬಹುಪಾಲು ತುಕ್ಕು ಹಿಡಿದದ್ದೇ. ಹಾಗಾಗಿ ನಾನೂ ಹೊರಗಿನವರು ಮಾಡಿದ ಹೊಸ ಜೋಡಿ ತಂದೆ. ಕ್ರೋಮ್ ಏನೋ ಫಳಫಳ ಹೊಳೆಯುತ್ತಿತ್ತು. ಆದರೆ ಒಂದರ ಬೆಂಡಿದ್ದಂತೆ ಇನ್ನೊಂದರದು ಇರಲಿಲ್ಲ.

ಈ ಗಾಡಿಯಲ್ಲಿ ಸಿಲಿಂಡರ್ ಒಂದೇ, ಪೈಪ್ ಮಾತ್ರ ಎರಡು. ಬಲಗಡೆಯದು ಸಲೀಸಾಗಿ ಕೂತಿತು. ಎಡಗಡೆಯದು, ಪೈಪನ್ನು ಸಿಲಿಂಡರಿಗೆ ಹಿಡಿಯುವ ನಟ್ ಬಿಗಿ ಮಾಡಿದರೂ ಪಟಪಟ ಅನ್ನುತ್ತಿತ್ತು, ಆಕ್ಸಿಲರೇಟರ್ ಬಿಟ್ಟಾಗಲಂತೂ ಇನ್ನೂ ಜಾಸ್ತಿ. ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವ ಟೂ-ಸ್ಟ್ರೋಕ್ ಇಂಜಿನ್ ಆದ್ದರಿಂದ ಲೀಕು ಎಲ್ಲಿದೆ ಅಂತ ಎಣ್ಣೆಯೇ ತೋರಿಸುತ್ತದೆ: ನಟ್ಟಿನ ಕೆಳಗಿಂದ ಕರಿ ಜಿಡ್ಡು ಇಳಿದು ಪೈಪಿನ ಮೇಲೆ ಗೆರೆ ಬಿದ್ದಿತ್ತು.

ಎಲ್ಲರೂ ಕೊಟ್ಟ ಸಲಹೆ ಒಂದೇ, "ಸಿಲಿಕೋನ್ ಹಚ್ಚಿ ಸುಮ್ನೆ ಬಿಗಿ ಮಾಡಿ". ನನಗೆ ಅದು ಒಪ್ಪಿಗೆಯಿಲ್ಲ. ಪೋರ್ಟಿನ (ಸಿಲಿಂಡರಿನಿಂದ ಹೊಗೆ ಹೊರಬರುವ ತೂತಿನ) ಬಾಯಲ್ಲಿ ಕಾವು ಜಾಸ್ತಿ, ಜೊತೆಗೆ ಎಣ್ಣೆ. ಅಲ್ಲಿ ಸಿಲಿಕೋನ್ ಹೆಚ್ಚು ದಿನ ಬಾಳುವುದಿಲ್ಲ. ಗಟ್ಟಿಯಾಗುವ ಎಕ್ಸಾಸ್ಟ್ ಪುಟ್ಟಿ ಕಾವು ತಡೆಯುತ್ತದೆ, ಆದರೆ ಗಾಡಿ ನಡುಗಿದಂತೆಲ್ಲ ಬಿರುಕು ಬಿಡುತ್ತದೆ.

ಮೊದಲು ಪೈಪಿನ ಕಾಲರ್, ಅಂದರೆ ಪೋರ್ಟಿಗೆ ಒತ್ತಿ ಕೂರುವ ತುದಿಯ ಅಂಚು, ಪೂರ್ತಿ ಸುತ್ತ ಕೂರುತ್ತಿದೆಯಾ ಅಂತ ನೋಡಬೇಕಿತ್ತು. ಚಿಟಿಕೆ ಕುಂಕುಮಕ್ಕೆ ಎರಡು ಹನಿ ಎಣ್ಣೆ ಕಲಸಿ ಕಾಲರಿನ ಮುಖಕ್ಕೆ ತೆಳ್ಳಗೆ ಸವರಿದೆ. ಪ್ಯಾಕಿಂಗ್ (ಸಂದು ಮುಚ್ಚಲು ನಡುವೆ ಹಾಕುವ ರಿಂಗ್) ಇಲ್ಲದೆ ಪೋರ್ಟಿಗೆ ಒತ್ತಿ, ಸ್ವಲ್ಪ ತಿರುಗಿಸಿ ತೆಗೆದೆ. ಕೆಂಪು ಅಂಟಿದ್ದು ಪೋರ್ಟಿನ ಬಾಯಿಯ ಮೇಲಿನ ಅರ್ಧಕ್ಕೆ ಮಾತ್ರ. ಕೆಳಗಡೆ ತಾಗಿಯೇ ಇರಲಿಲ್ಲ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಕಾಲರನ್ನು ಎಂಟರ ಆಕಾರದಲ್ಲಿ ಉಜ್ಜಿದೆ. ಸುತ್ತಲೂ ಕೆಂಪು ಬರುವ ತನಕ ಉಜ್ಜುವುದು, ಒರೆಸುವುದು, ಮತ್ತೆ ನೋಡುವುದು. ಬೇಜಾರಿನ ಕೆಲಸ ನಿಜ, ಆದರೆ ಬೇರೆ ದಾರಿ ಇಲ್ಲ.

ಪ್ಯಾಕಿಂಗ್ ಆಗಿ ಒಳಗೆ ಹಾಕಲು ತಾಮ್ರದ ರಿಂಗ್ ತೆಗೆದುಕೊಂಡೆ. ಅದನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗಾಗುವಷ್ಟು ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಕಬ್ಬಿಣದ ಹಾಗೆ ಗಡಸಾಗುವುದಿಲ್ಲ. ಮೆತ್ತಗಿದ್ದರೆ ಸಣ್ಣಪುಟ್ಟ ಏರುತಗ್ಗನ್ನು ಅದೇ ತುಂಬಿಕೊಳ್ಳುತ್ತದೆ. ಹಳೇ ಆಸ್ಬೆಸ್ಟಾಸ್ ಪ್ಯಾಕಿಂಗ್ ಕೈಗೆ ಸಿಕ್ಕರೆ ಕೆರೆಯಲು ಹೋಗಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಮಾಡಿ ಎತ್ತಿ, ಕವರಿಗೆ ಹಾಕಿ ಕಟ್ಟಿಬಿಡಿ.

ಇನ್ನು ನಿಜವಾದ ರಗಳೆ ಹಿಂದುಗಡೆ ಇತ್ತು. ಮುಂದೆ ಪೈಪ್ ನೇರ ಕೂತರೆ, ಹಿಂದಿನ ಬ್ರಾಕೆಟ್ಟಿನ ತೂತು ಬೋಲ್ಟಿಗೆ ಅರ್ಧ ಇಂಚು ದೂರ. ಮೆಕ್ಯಾನಿಕ್‌ಗಳು ಇಲ್ಲೇ ಸೈಲೆನ್ಸರನ್ನು ಎಳೆದು ಬೋಲ್ಟ್ ಹಾಕಿಬಿಡುತ್ತಾರೆ. ಹಾಗೆ ಎಳೆದ ಜೋರೆಲ್ಲ ಮುಂದಿನ ಕಾಲರಿನ ಮೇಲೆ ಬಿದ್ದು ಒಂದು ಕಡೆ ಸಂದು ಬಿಡುತ್ತದೆ. ಆಮೇಲೆ ಯಾವ ಪ್ಯಾಕಿಂಗ್ ಹಾಕಿದರೂ ದಂಡ. ನಾನು ಬ್ರಾಕೆಟ್ಟಿನ ತೂತನ್ನು ದುಂಡು ಅರದಿಂದ ಉದ್ದ ಮಾಡಿದೆ, ಉಳಿದ ಸಂದಿಗೆ ದಪ್ಪ ವಾಷರ್ ಕೊಟ್ಟೆ. ಕ್ರೋಮ್ ಸ್ವಲ್ಪ ಹೋಯಿತು, ಹೋಗಲಿ. ಅದು ಕಾಣುವ ಜಾಗವಲ್ಲ.

ಜೋಡಿಸುವಾಗ ಎಲ್ಲವನ್ನೂ ಮೊದಲು ಲೂಸಾಗಿ ನೇತುಹಾಕಿ. ಎಕ್ಸಾಸ್ಟ್ ನಟ್ಟನ್ನು ಬರೀ ಕೈಯಲ್ಲೇ ಕೆಲವು ಸುತ್ತು ತಿರುಗಿಸಿ. ಕೈಯಲ್ಲಿ ಓಡದಿದ್ದರೆ ಥ್ರೆಡ್ ಓರೆಯಾಗಿ ಹಿಡಿದಿದೆ ಅಂತಲೇ ಅರ್ಥ. ಸಿಲಿಂಡರಿನ ಥ್ರೆಡ್ ಹೋದರೆ ಲೇತಿನವರ ಹತ್ತಿರ ಅಲೆಯಬೇಕಾಗುತ್ತದೆ. ನಟ್ಟಿಗೆ ಸಿ-ಸ್ಪ್ಯಾನರ್ (ಕೊಕ್ಕೆಯಂತೆ ಬಾಗಿದ ಸ್ಪ್ಯಾನರ್) ಹಾಕಿ ಬಿಗಿ ಮಾಡಿದ ಮೇಲೆ ಹಿಂದಿನ ಬೋಲ್ಟುಗಳು, ಕೊನೆಗೆ. ಉಳಿ-ಸುತ್ತಿಗೆ ಬೇಡವೇ ಬೇಡ.

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಪಕ್ಕದಲ್ಲಿ ಊದುಬತ್ತಿ ಹಿಡಿದೆ (ಪೆಟ್ರೋಲ್ ಕಾಕ್, ಕಾರ್ಬೊರೇಟರ್ ಒಣಗಿದೆ ಅಂತ ನೋಡಿಕೊಂಡೇ). ಹೊಗೆ ಅಲುಗದೆ ನೇರ ಮೇಲೆ ಹೋಯಿತು. ಒಂದು ಸುತ್ತು ಓಡಿಸಿ, ಪೂರ್ತಿ ಆರಿದ ಮೇಲೆ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡಿದೆ. ತಾಮ್ರ ಕೂತಿದ್ದರಿಂದ ಕಾಲು ಸುತ್ತಿನಷ್ಟು ಮುಂದೆ ಹೋಯಿತು. ಬಲಗಡೆಯದಕ್ಕೂ ಹೀಗೇ ಮಾಡಿ, ಚೆನ್ನಾಗಿದೆ ಅಂತ ಬಿಡಬೇಡಿ.