ಪಾಮ್ ಆಯಿಲ್ ನಮ್ಮನೇಲಿ ಇಲ್ಲ ಅನ್ನೋರು ಒಂದ್ಸಲ ಹೀಗೆ ಚೆಕ್ ಮಾಡಿ

ನಮ್ಮನೇಲಿ ಕಡ್ಲೆಕಾಯಿ ಎಣ್ಣೆನೇ ಅಂತ ನಾನೂ ಜಂಭ ಕೊಚ್ಕೊಳ್ತಿದ್ದೆ, ಒಂದಿನ ದಿನಸಿ ಡಬ್ಬಿಗೆ ಸುರಿಯೋವಾಗ ಪ್ಯಾಕೆಟ್ ಹಿಂದೆ ಓದಿದೆ ನೋಡಿ, ಬಿಸ್ಕೆಟ್, ಚಿಪ್ಸ್, ನೂಡಲ್ಸ್, ಮಿಕ್ಸ್‌ಚರ್ ಎಲ್ಲದ್ರಲ್ಲೂ ಪಾಮ್, ಅಂದ್ರೆ ತಾಳೆ ಎಣ್ಣೆ. ಪ್ರಪಂಚದಲ್ಲಿ ಅದನ್ನ ಅತಿ ಹೆಚ್ಚು ಆಮದು ಮಾಡ್ಕೊಳ್ಳೋದು ನಾವೇ, ಬರೋದು ಹೆಚ್ಚಾಗಿ ಇಂಡೋನೇಷ್ಯಾ, ಮಲೇಷ್ಯಾದಿಂದ. ಸುಮಾತ್ರಾ, ಬೋರ್ನಿಯೋದಲ್ಲಿ ಒರಾಂಗುಟಾನ್ ಇದ್ದ ಕಾಡು ಎಷ್ಟೋ ಕಡೆ ಈಗ ತಾಳೆ ತೋಟ, 2015ರಲ್ಲಂತೂ ಅಲ್ಲಿ ಒಣಗಿಸಿದ್ದ ಜೌಗು ನೆಲ ಹೊತ್ತಿ ಉರಿದು ಹೊಗೆ ಸಿಂಗಾಪುರದ ತನಕ ಹೋಗಿತ್ತು.

ಮೊದ್ಲು ಲೇಬಲ್ ಓದೋದು ಕಲೀರಿ. ಯಾವುದು ಜಾಸ್ತಿ ಹಾಕಿರ್ತಾರೋ ಅದನ್ನ ಮೊದ್ಲು ಬರೀಬೇಕು ಅನ್ನೋದು ರೂಲು, ಅದಕ್ಕೆ ಮೊದಲ ಮೂರ್ನಾಲ್ಕು ಹೆಸರು ಸಾಕು. ಪಾಮೋಲಿನ್ ಅಂದ್ರೂ ಅದೇ, ಸೋಪಲ್ಲಿ ಸೋಡಿಯಂ ಪಾಮೇಟ್ ಅಂತಿದ್ರೂ ಅದೇ.

ಆಮೇಲೆ ಒಂದು ತಿಂಗಳು ಅಳೀರಿ. ಎಣ್ಣೆ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿ, ಅಷ್ಟೇ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ಒಬ್ಬರಿಗೆ ವರ್ಷಕ್ಕೆ ಸುಮಾರು 12 ಕೆಜಿ ಸಾಕು, ನಮ್ಮ ದೇಶದಲ್ಲಿ ತಿಂತಿರೋದು 19ರ ಮೇಲೆ. ನಾಲ್ಕು ಜನ ಇದ್ರೆ ತಿಂಗಳಿಗೆ 4 ಕೆಜಿ ಆಯ್ತು, ಲೀಟರ್ ಪ್ಯಾಕೆಟ್ ಸುಮಾರು 910 ಗ್ರಾಂ ತೂಗುತ್ತೆ, ಅಂದ್ರೆ ಸುಮಾರು 4.4 ಲೀಟರ್, ಆದ್ರೆ ಹೊರಗಡೆ ತಿಂದಿದ್ದೂ ಇದ್ರಲ್ಲೇ ಸೇರ್ಬೇಕಲ್ಲ, ಹಾಗಾಗಿ ನಾನು ಮನೆಗೆ 3 ಲೀಟರ್ ಅಂತ ಗೆರೆ ಎಳೆದಿದೀನಿ. ಹಬ್ಬದ ತಿಂಗಳು ದಾಟುತ್ತೆ, ಸುಳ್ಳು ಯಾಕೆ ಹೇಳ್ಲಿ. ಒಗ್ಗರಣೆಗೆ ಬಾಟ್ಲಿಯಿಂದ ಸುರಿಯೋದು ಬಿಟ್ಟು ಚಮಚ ಇಟ್ಕೊಂಡಿದ್ದೇ ನಮಗೆ ಜಾಸ್ತಿ ಉಳಿಸಿದ್ದು.

ಒಂದು ಮಾತು, ಪಾಮ್ ಬಿಟ್ಟು ಅಷ್ಟೇ ಸೋಯಾ, ಸೂರ್ಯಕಾಂತಿ ಸುರಿದ್ರೆ ಏನೂ ಪ್ರಯೋಜನ ಇಲ್ಲ. ಒಂದು ಎಕರೆಗೆ ತಾಳೆ ಕೊಡೋಷ್ಟು ಎಣ್ಣೆ ಬೇರೆ ಯಾವ ಬೆಳೆನೂ ಕೊಡಲ್ಲ, ಅಷ್ಟೇ ಎಣ್ಣೆಗೆ ಸೋಯಾ ಬೆಳೀಬೇಕಂದ್ರೆ ಇನ್ನೂ ಎಷ್ಟೋ ಪಟ್ಟು ಜಮೀನು ಬೇಕು, ಅದೂ ಬರೋದು ಅರ್ಜೆಂಟೀನಾ, ಬ್ರೆಜಿಲ್ ಕಡೆಯಿಂದ. ಎಣ್ಣೆನೇ ಕಮ್ಮಿ ಆಗ್ಬೇಕು. ಕಮ್ಮಿ ಮಾಡಿ ಉಳಿದ ದುಡ್ಡಲ್ಲಿ ಗಾಣದ ಎಣ್ಣೆನೋ, ಚಳ್ಳಕೆರೆ ಕಡೆ ಕಡ್ಲೆಕಾಯಿ ಎಣ್ಣೆನೋ ತರಬಹುದು, ರೇಟು ಜಾಸ್ತಿ ಇರೋದ್ರಿಂದ ಕೈ ತಾನಾಗೇ ಬಿಗಿಯಾಗುತ್ತೆ.

ಬೇಕರಿ ಪಫ್‌ಗೆ, ರಸ್ತೆ ಬದಿ ಬಜ್ಜಿಗೆ ಲೇಬಲ್ ಇರಲ್ಲ. ಯಾವ ಎಣ್ಣೆ ಅಂತ ಕೇಳಿದ್ರೆ ಒಂಥರಾ ನೋಡ್ತಾರೆ, ಆದ್ರೂ ಕೇಳಿ.