ಕೆಲಸ ಬಾರದವರನ್ನು ಏನೆಂದು ಬರೆಯುವುದು?

ಮೈಸೂರಿನ ದೇವರಾಜ ಅರಸು ರಸ್ತೆಯ ಕಡೆ ಹೋದರೆ 'ಕೆಲಸಕ್ಕೆ ಬೇಕಾಗಿದ್ದಾರೆ' ಚೀಟಿಗಳು ಕಾಣುತ್ತವೆ. ಇಂಗ್ಲಿಷಿನ 'ಅನ್‌ಸ್ಕಿಲ್ಡ್' ಅನ್ನು ಹಾಗೇ ಕನ್ನಡಕ್ಕೆ ತಂದು ಇಂಥ ಚೀಟಿಯಲ್ಲಿ 'ಕೌಶಲ್ಯರಹಿತರು ಬೇಕು' ಎಂದು ಬರೆದರೆ, ಅದು ತಮಗೇ ಅಂತ ಯಾರು ತಾನೇ ಒಳಗೆ ಬರುತ್ತಾರೆ? ಹೇಳಬೇಕಾದ್ದು ಇಷ್ಟೇ: 'ಕೆಲಸ ಬಾರದಿದ್ದರೂ ಪರವಾಗಿಲ್ಲ, ಕಲಿಸುತ್ತೇವೆ.'

ಮೊದಲು, ಮಾತು ಕೆಲಸದ ಬಗ್ಗೆಯೋ ಮನುಷ್ಯರ ಬಗ್ಗೆಯೋ ನೋಡಿಕೊಳ್ಳಿ. ಕೆಲಸದ ಬಗ್ಗೆಯಾದರೆ 'ಅಕುಶಲ' ಸಾಕು. ಕನಿಷ್ಠ ಕೂಲಿಯ ಪಟ್ಟಿಯಲ್ಲಿ ಕುಶಲ, ಅರೆಕುಶಲ, ಅಕುಶಲ ಎಂಬ ದರ್ಜೆಗಳಿವೆ. 2005ರ ಉದ್ಯೋಗ ಖಾತರಿ ಕಾಯ್ದೆ ಹಳ್ಳಿಯ ಮನೆಗೆ ವರ್ಷಕ್ಕೆ 100 ದಿನ ಕೊಡುತ್ತೇನೆಂದದ್ದೂ ಅಕುಶಲ ಕೆಲಸವನ್ನೇ. ಕೆರೆ ಹೂಳೆತ್ತಲು ಮೊದಲೇ ತರಬೇತಿ ಪಡೆದಿರಬೇಕಿಲ್ಲ ಅಂತ ಅರ್ಥ, ಹೂಳೆತ್ತುವವನಿಗೆ ಏನೂ ಬಾರದು ಅಂತಲ್ಲ. 'ಅವನು ಅಕುಶಲ' ಅಂತ ಬರೆಯಲೇಬೇಡಿ. 'ಕುಶಲವೇ?' ಎಂದು ಕ್ಷೇಮ ವಿಚಾರಿಸುವವರು ನಾವು, ಮನುಷ್ಯನಿಗೆ 'ಅಕುಶಲ' ಅಂದರೆ ಕ್ಷೇಮವಾಗಿಲ್ಲ ಅಂತಲೂ ಕೇಳೀತು.

ಮನುಷ್ಯರ ಬಗ್ಗೆ ಬರೆಯುವಾಗಲೇ ಜಾಸ್ತಿ ಜನ ಎಡವುವುದು. ಇನ್ನೂ ಕಲಿಯುತ್ತಿರುವವನು ಬೇರೆ, ಕಲಿಸಿದರೂ ಕೈಗೆ ಹತ್ತದವನು ಬೇರೆ, ಗೊತ್ತಿದ್ದೂ ಕೆಡಿಸುವವನು ಬೇರೆ. ಮಂಡ್ಯದ ಯಾವುದಾದರೂ ಆಲೆಮನೆಯಲ್ಲಿ ನಿಂತು ನೋಡಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಪಾಕ ನೋಡುವವರು ಚೂರು ಎತ್ತಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತದಾ ಅಂತ ಒತ್ತಿ ನೋಡುತ್ತಾರೆ. ಕಟ್ಟಿದರೆ ಇಳಿಸುವ ಹೊತ್ತು. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದು, ತಡವಾದರೆ ಸೀದು ಕಪ್ಪಾಗುತ್ತದೆ. ಈಗಷ್ಟೇ ಸೇರಿದ ಹುಡುಗನಿಗೆ ಆ ಹದ ತಿಳಿಯದು. ಅವನಿಗೆ 'ಇನ್ನೂ ಕೈ ಪಳಗಿಲ್ಲ' ಅನ್ನಿ. ಆ 'ಇನ್ನೂ' ಬಿಡಬೇಡಿ, ಮುಂದೆ ಪಳಗುತ್ತಾನೆ ಅನ್ನುವ ಭರವಸೆ ಇರುವುದು ಅದರಲ್ಲೇ. ವರ್ಷಗಟ್ಟಲೆ ಇದ್ದೂ ಹದ ತಪ್ಪಿಸುವವನಿಗೆ 'ಪಾಕ ಕೈಗೆ ಹತ್ತಲಿಲ್ಲ' ಅನ್ನಬಹುದು. ಅದೇ ಮನುಷ್ಯ ಗಾಣಕ್ಕೆ ಕಬ್ಬು ಕೊಡುವುದರಲ್ಲಿ ಎಲ್ಲರಿಗಿಂತ ಚುರುಕಾಗಿರಬಹುದು. ಹದ ಬಲ್ಲವನೇ ಫೋನ್ ನೋಡುತ್ತ ಪಾಕ ಸೀಯಿಸಿದರೆ ಅದು ಅಸಡ್ಡೆ. ಅವನಿಗೂ 'ಕೈ ಪಳಗಿಲ್ಲ' ಅಂದರೆ ಕಲಿಯುವ ಹುಡುಗನಿಗೆ ಅನ್ಯಾಯ ಮಾಡಿದಂತೆ.

'ಕೈಲಾಗದವನು' ಯಾರಿಗೂ ಬೇಡ. ಅದು ಬೈಗುಳ. ದಡ್ಡ, ಪೆದ್ದ ಅನ್ನುವುದು ಬುದ್ಧಿಯ ಮಾತು, ಇಲ್ಲಿಗೆ ಸೇರದು.

ಅವಸರದಲ್ಲಿರುವವರು ಸುಮ್ನೆ 'ಕೌಶಲ್ಯ'ಕ್ಕೆ 'ರಹಿತ', 'ಹೀನ' ಅಂಟಿಸಿ ಮುಗಿಸುತ್ತಾರೆ. ಮೊಬೈಲಿನ ಅನುವಾದದ ಆ್ಯಪ್‌ಗಳನ್ನಂತೂ ಈ ವಿಷಯದಲ್ಲಿ ನಂಬಲೇಬೇಡಿ. ಯಾರಿಗೆ, ಯಾವ ಕೆಲಸ ಬಾರದು ಅನ್ನುವುದು ಅವಕ್ಕೆ ಹೇಗೆ ಗೊತ್ತಾಗಬೇಕು?

ಕೊನೆಗೆ ಕೆಲಸದ ಹೆಸರು ಸೇರಿಸಿ. ಪರಿಚಯದ ಹುಡುಗಿಯನ್ನು ಟೈಲರ್ ಅಂಗಡಿಗೆ ಕಳಿಸುವಾಗ 'ಅನುಭವವಿಲ್ಲ' ಎಂದಷ್ಟೇ ಬರೆದುಕೊಟ್ಟರೆ ಅವಳಿಗೆ ಕಸ ಗುಡಿಸುವ ಕೆಲಸವೇ ಸಿಕ್ಕೀತು. 'ಹೊಲಿಗೆ ಬರುತ್ತದೆ, ಬ್ಲೌಸ್ ಕಟಿಂಗ್ ಇನ್ನೂ ಬಾರದು' ಎಂದು ಬರೆದುಕೊಡಿ. ಅಂಗಡಿಯವರು ಮೊದಲ ದಿನವೇ ಮಷಿನ್ ಮುಂದೆ ಕೂರಿಸುತ್ತಾರೆ.