ಸೋಡಾ ಬ್ರೆಡ್, ಬಾಕ್ಸ್‌ಟಿ: ಮನೆಯಲ್ಲಿ ಮಾಡುವುದು ಹೇಗೆ, ಐರ್ಲೆಂಡಿನಲ್ಲಿ ತಿನ್ನುವುದೆಲ್ಲಿ

ಐರ್ಲೆಂಡಿಗೆ ಹೊರಟವರು ಊಟದ ಬಗ್ಗೆ ಕೇಳಿದರೆ ನಾನು ಹೇಳುವುದಿಷ್ಟು: ವಿಮಾನ ಹತ್ತುವ ಮುಂಚೆ ಯೀಸ್ಟ್ ಬದಲು ಅಡುಗೆ ಸೋಡಾದಿಂದ ಉಬ್ಬುವ ಒಂದು ಸೋಡಾ ಬ್ರೆಡ್ ಮಾಡಿ ನೋಡಿ. ಅಲ್ಲಿನ ಅಡುಗೆ ಮಸಾಲೆಯ ಹಿಂದೆ ಅವಿತುಕೊಳ್ಳುವಂಥದ್ದಲ್ಲ. ಹಿಟ್ಟು, ಮಜ್ಜಿಗೆ, ಆಲೂಗಡ್ಡೆ, ಬೆಣ್ಣೆಯಲ್ಲೇ ಮುಕ್ಕಾಲು ಪಾಲು ಮುಗಿಯುತ್ತದೆ. ಒಮ್ಮೆ ಕೈಯಾಡಿಸಿದ್ದರೆ ತಟ್ಟೆ ಎದುರಿಗೆ ಬಂದಾಗ ಸರಿಯಾದದ್ದು ಯಾವುದು, ತೋರಿಕೆಯದು ಯಾವುದು ಎಂದು ತಿಳಿಯುತ್ತದೆ.

ನನ್ನ ಅಳತೆ: ಮೈದಾ 225 ಗ್ರಾಂ, ಗೋಧಿ ಹಿಟ್ಟು 225 ಗ್ರಾಂ, ಗೋಧಿ ತವುಡು ಎರಡು ದೊಡ್ಡ ಚಮಚ, ಉಪ್ಪು ಒಂದು ಚಮಚ, ಅಡುಗೆ ಸೋಡಾ ಒಂದು ಸಣ್ಣ ಚಮಚ, ತಲೆ ಸವರಿದ್ದು. ನಮ್ಮ ಚಪಾತಿ ಹಿಟ್ಟು ತೀರ ನುಣುಪು, ಅವರದು ತರಿತರಿ; ಅದಕ್ಕೇ ತವುಡು. ಅಲ್ಲಿ ಬಳಸುವ ಮಜ್ಜಿಗೆ ಗಟ್ಟಿ ಮತ್ತು ಹುಳಿ. ಊಟದ ಕೊನೆಗೆ ನಾವು ಕುಡಿಯುವ ನೀರು ಮಜ್ಜಿಗೆ ಹಾಕಿದರೆ ಸೋಡಾಕ್ಕೆ ಬೇಕಾದಷ್ಟು ಹುಳಿ ಸಿಗದೆ ಬ್ರೆಡ್ ಸಾಬೂನಿನ ರುಚಿ ಬರುತ್ತದೆ. ಒಂದು ದಿನ ಹುಳಿ ಬಂದ ಮೊಸರು 250 ಗ್ರಾಂ, ನೀರು 150 ಮಿ.ಲೀ. ಕಡೆದರೆ ಸರಿಹೋಗುತ್ತದೆ.

ಒಣ ಸಾಮಾನನ್ನೆಲ್ಲ ಸೋಡಾ ಸಮೇತ ಎರಡು ಸಲ ಜರಡಿ ಹಿಡಿದು ತವುಡು ಬೆರೆಸಿ. ಸೋಡಾ ಗಂಟಾಗಿ ಉಳಿದರೆ ಕೊಯ್ದಾಗ ಹಳದಿ ಚುಕ್ಕೆ ಕಾಣುತ್ತದೆ, ಅಲ್ಲಿ ಕಹಿ. ನಡುವೆ ಗುಳಿ ಮಾಡಿ ಮಜ್ಜಿಗೆಯಲ್ಲಿ ಮುಕ್ಕಾಲು ಪಾಲನ್ನು ಒಮ್ಮೆಗೇ ಸುರಿದು, ಬೆರಳು ಅಗಲಿಸಿ ಸುತ್ತ ತಿರುಗಿಸಿ. ಉಳಿದದ್ದನ್ನು ನೋಡಿಕೊಂಡು ಹಾಕಿ. ಇಲ್ಲಿಯೇ ನಮ್ಮವರ ಕೈ ತಪ್ಪುವುದು: ಚಪಾತಿಗೆ ನಾದಿ ರೂಢಿಯಾದ ಕೈ ಸುಮ್ಮನಿರುವುದಿಲ್ಲ. ನಾದಿದರೆ ಜಿಗಿ ಬಂದು ಬ್ರೆಡ್ ರಬ್ಬರಾಗುತ್ತದೆ. ಕೈಗೆ ಸ್ವಲ್ಪ ಅಂಟುವ, ಒರಟಾದ ಮುದ್ದೆ ಆದರೆ ಸಾಕು. ಹುಳಿ ತಗಲಿದ ಕ್ಷಣದಿಂದಲೇ ಸೋಡಾ ಗಾಳಿ ಬಿಡುತ್ತದೆ, ಆದ್ದರಿಂದ ಓವನ್ ಮೊದಲೇ 230 ಡಿಗ್ರಿಗೆ ಕಾದಿರಬೇಕು.

ನಾಲ್ಕು ಸೆಂ.ಮೀ. ದಪ್ಪಕ್ಕೆ ತಟ್ಟಿ, ಚಾಕುವಿನಿಂದ ಅಂಚಿನವರೆಗೂ ಆಳವಾಗಿ ಅಡ್ಡ ಉದ್ದ ಕೊಯ್ಯಿರಿ. ಒಳಗಿನ ಯಕ್ಷಿಣಿಯರು ಹೊರಗೆ ಹೋಗಲಿ ಎಂದು ಆ ಗೀರು ಅಂತ ಅಲ್ಲಿನವರು ಹೇಳುತ್ತಾರೆ. ಒಲೆಯ ಲೆಕ್ಕದಲ್ಲಿ ಅದು ನಡುವಿಗೆ ಬಿಸಿ ಮುಟ್ಟುವ ದಾರಿ. 15 ನಿಮಿಷ 230ರಲ್ಲಿ, ಆಮೇಲೆ 200ಕ್ಕೆ ಇಳಿಸಿ ಇನ್ನು 25ರಿಂದ 30 ನಿಮಿಷ. ಚಿಕ್ಕ ಓಟಿಜಿಯಲ್ಲಿ ಮೇಲ್ಭಾಗ ಬೇಗ ಕಪ್ಪಾಗುತ್ತದೆ, ಅರ್ಧದಲ್ಲಿ ಫಾಯಿಲ್ ಮುಚ್ಚಿ. ತಿರುಗಿಸಿ ತಳ ಬಡಿದರೆ ಟೊಳ್ಳು ಸದ್ದು ಬರಬೇಕು. ಮಂದವಾಗಿ ಕೇಳಿಸಿದರೆ ಇನ್ನೈದು ನಿಮಿಷ. ಅದೇ ದಿನ ತಿನ್ನಬೇಕು. ಮರುದಿನಕ್ಕೆ ಟೋಸ್ಟೇ ಗತಿ.

ಬಾಕ್ಸ್‌ಟಿ ಆಲೂಗಡ್ಡೆಯ ದಪ್ಪ ದೋಸೆ, ಲೀಟ್ರಿಮ್, ಕ್ಯಾವನ್ ಕಡೆಯದು. ಹಸಿ ತುರಿ 225 ಗ್ರಾಂ, ಬೇಯಿಸಿ ಕಿವುಚಿದ್ದು 225, ಮೈದಾ 225, ಅರ್ಧ ಚಮಚ ಸೋಡಾ, ಉಪ್ಪು, ಮಜ್ಜಿಗೆ ಸುಮಾರು 250 ಮಿ.ಲೀ. ತುರಿಯನ್ನು ಬಟ್ಟೆಯಲ್ಲಿ ಹಾಕಿ ಮೈಮುರಿದು ಹಿಂಡಿ. ಹಿಂಡಿದ ನೀರು ಚೆಲ್ಲಬೇಡಿ: ಹತ್ತು ನಿಮಿಷ ಬಿಟ್ಟರೆ ಮೇಲೆ ಕೆಂಪು ನೀರು, ತಳದಲ್ಲಿ ಸುಣ್ಣದಂತೆ ಬಿಗಿದ ಬಿಳಿ ಪಿಷ್ಟ. ನೀರು ಬಗ್ಗಿಸಿ ಪಿಷ್ಟವನ್ನು ಹಿಟ್ಟಿಗೆ ಸೇರಿಸಿ, ಹಿಡಿತ ಅದರಿಂದಲೇ. ಕಬ್ಬಿಣದ ಕಾವಲಿ, ಮಧ್ಯಮ ಉರಿ, ಒಂದೊಂದು ಬದಿಗೆ ನಾಲ್ಕೈದು ನಿಮಿಷ. ಹಿಂಡುವುದರಲ್ಲಿ ಸೋಮಾರಿತನ ಮಾಡಿದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ.

ಆಲೂಗಡ್ಡೆ ಬೆಂದಾಗ ಹಿಟ್ಟಿನಂತೆ ಉದುರಬೇಕು, ಅಂಟಂಟಾದದ್ದು ಬೇಡ. ಐರ್ಲೆಂಡಿನ ಅಂಗಡಿಯಲ್ಲಿ ರೂಸ್ಟರ್, ಕೆರ್ಸ್ ಪಿಂಕ್ ಎಂದು ತಳಿಯ ಹೆಸರು ಹೇಳಿಯೇ ಕೊಳ್ಳುತ್ತಾರೆ. (1845ರಲ್ಲಿ ಆ ದೇಶವನ್ನು ಬರಗಾಲಕ್ಕೆ ನೂಕಿದ್ದು ಆಲೂಗಡ್ಡೆಯ ಅಂಗಮಾರಿ. ಮಳೆ ಹಿಡಿದರೆ ಹಾಸನದ ರೈತರು ಹೆದರುವುದೂ ಅದಕ್ಕೇ.) ಎಳೆ ಈರುಳ್ಳಿ ಸೊಪ್ಪನ್ನು ಹಾಲಿನಲ್ಲಿ ಐದು ನಿಮಿಷ ಕುದಿಸಿ ಬಿಸಿ ಆಲೂಗಡ್ಡೆಗೆ ಕಲಸಿದರೆ ಚಾಂಪ್, ಕೇಲ್ ಸೊಪ್ಪು ಅಥವಾ ಎಲೆಕೋಸು ಹಾಕಿದರೆ ಕೋಲ್ಕ್ಯಾನನ್. ಮಿಕ್ಸಿಗೆ ಹಾಕಿದರೆ ಗೋಂದು.

ಇನ್ನು ತಿನ್ನುವ ಜಾಗ. ಡಬ್ಲಿನ್‌ನ ಟೆಂಪಲ್ ಬಾರ್ ಪ್ರವಾಸಿಗರ ಸಂತೆ, ನಿಜ; ಆದರೂ ಅಲ್ಲಿನ ಗ್ಯಾಲಹರ್ಸ್ ಬಾಕ್ಸ್‌ಟಿ ಹೌಸ್ ಹೆಸರಿಗೆ ತಕ್ಕಂತೆ ಬಾಕ್ಸ್‌ಟಿಗೇ ಮೀಸಲು. ಕಾರ್ಕ್ ನಗರದ ಇಂಗ್ಲಿಷ್ ಮಾರ್ಕೆಟ್ 1788ರದು. ಮಾಂಸಾಹಾರಿಗಳಾದರೆ ಮಹಡಿಯ ಫಾರ್ಮ್‌ಗೇಟ್ ಕೆಫೆಯಲ್ಲಿ ಕುಳಿತು, ಕೆಳಗಿನ ಅಂಗಡಿಗಳಿಂದ ಬಂದ ಕುರಿಮಾಂಸದ ಸ್ಟ್ಯೂ ತಿನ್ನಿ. ಧೈರ್ಯವಿದ್ದರೆ ರಕ್ತದಿಂದ ಮಾಡಿದ ಡ್ರಿಷೀನ್ ಎಂಬ ಸಾಸೇಜ್ ಕೇಳಿ. ಅಲ್ಲಿಂದ ಪೂರ್ವಕ್ಕೆ ಶ್ಯಾನಗ್ಯಾರಿಯಲ್ಲಿ, ಅಡುಗೆಗಾರ್ತಿ ಮರ್ಟಲ್ ಆಲನ್ 1964ರಲ್ಲಿ ತನ್ನ ಮನೆಯಲ್ಲೇ ಊಟದ ಕೋಣೆ ತೆರೆದ ಬ್ಯಾಲಿಮಲೂ ಇದೆ. ದುಬಾರಿ, ಆದರೆ ಐರಿಷ್ ಅಡುಗೆಗೆ ಮರ್ಯಾದೆ ತಂದ ಮನೆ. ಬೆಲ್‌ಫಾಸ್ಟ್‌ನ ಸೇಂಟ್ ಜಾರ್ಜ್ಸ್ ಮಾರ್ಕೆಟ್ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ. ಕಾವಲಿಯ ಮೇಲೆ ಬೇಯಿಸಿದ ತ್ರಿಕೋನದ ಸೋಡಾ ಫಾರ್ಲ್ ಅಲ್ಲಿ ಹುಡುಕಿ. ವಾಟರ್‌ಫೋರ್ಡ್‌ನ ಬ್ಲಾ ಎಂಬ ಹಿಟ್ಟು ಮೆತ್ತಿದ ಬನ್ನಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಬೆಳಗಿನ ತಿಂಡಿ, ಮಧ್ಯಾಹ್ನಕ್ಕೆ ಜೀವ ಕಳೆದುಕೊಳ್ಳುತ್ತದೆ. ಗಾಲ್ವೇ ಕಡೆಯ ನಾಟಿ ಆಯ್ಸ್ಟರ್‌ಗೆ (ಕಡಲ ಸಿಂಪಿ) ಸೆಪ್ಟೆಂಬರ್‌ನಿಂದ ಏಪ್ರಿಲ್ ಕಾಲ. ಕಾರ್ನ್ಡ್ ಬೀಫ್ (ಉಪ್ಪುನೀರಿನಲ್ಲಿ ನೆನೆಸಿದ ದನದ ಮಾಂಸ) ಮತ್ತು ಎಲೆಕೋಸನ್ನು ಐರಿಷ್ ಹಬ್ಬದೂಟ ಮಾಡಿದವರು ಅಮೆರಿಕಕ್ಕೆ ವಲಸೆ ಹೋದವರು. ಐರ್ಲೆಂಡಿನಲ್ಲಿ ಎಲೆಕೋಸಿನ ಜೊತೆ ಬರುವುದು ಬೇಕನ್, ಅಂದರೆ ಉಪ್ಪು ಹಾಕಿದ ಹಂದಿಮಾಂಸ.

ಸಸ್ಯಾಹಾರಿಗಳು ಮೆನುವಿನಲ್ಲಿರುವ 1ರಿಂದ 14ರ ಅಂಕಿಗಳನ್ನು ನಂಬಿ ಕೂರಬಾರದು. ಅವು ಅಲರ್ಜಿಯ ಪಟ್ಟಿ; ಗೋಧಿ, ಹಾಲು, ಮೊಟ್ಟೆ, ಮೀನು ಅದರಲ್ಲಿವೆ, ಕೋಳಿ, ಹಂದಿ, ದನ ಇಲ್ಲ. ತರಕಾರಿ ಸೂಪಿಗೆ ಕೋಳಿ ಸ್ಟಾಕ್ (ಕೋಳಿ ಬೇಯಿಸಿದ ರಸ) ಹಾಕಿದ್ದರೂ ಅಂಕಿ ಬಾಯಿ ಬಿಡುವುದಿಲ್ಲ. ಬಿಳಿ ಪುಡಿಂಗ್ ನೋಡಲು ಓಟ್ಸ್ ಉಂಡೆ, ಒಳಗೆ ಹಂದಿ. ಬಾಕ್ಸ್‌ಟಿ ಬೇಕನ್ ಕೊಬ್ಬಿನಲ್ಲಿ ಹುರಿದದ್ದೋ ಬೆಣ್ಣೆಯಲ್ಲೋ, ಚಾಂಪ್ ಪಕ್ಕದಲ್ಲಿ ಗ್ರೇವಿ ಸುರಿಯುತ್ತಾರೋ ಎಂದು ಬಾಯಿಬಿಟ್ಟು ಕೇಳಿ. ಜೊತೆಗೆ ಬ್ರೆಡ್ ಇವತ್ತಿನದಾ ಅಂತಲೂ ಕೇಳಿ; ಅಲ್ಲ ಎಂದರೆ ಟೋಸ್ಟ್ ಮಾಡಿಸಿಕೊಳ್ಳಿ.